ಸಂದೇಹದ ಲಾಭ ಯಾರಿಗೆ? : ಕರೋಫಿಲ್ಯೊ ಕಾದಂಬರಿಗಳ ವಕೀಲ ಮತ್ತು ಕಂಬಾಲಪಲ್ಲಿಯ ಸಾಕ್ಷಿ

1

ಪತ್ತೇದಾರಿ ಮತ್ತು ಅಪರಾಧ ಕಾದಂಬರಿಗಳನ್ನು ಕನ್ನಡ ವಿಮರ್ಶೆ ಬಹುಕಾಲ ಗಂಭೀರ ಅಧ್ಯಯನದ ವಸ್ತುವೆಂದು ಪರಿಗಣಿಸಲಿಲ್ಲ. ಎನ್. ನರಸಿಂಹಯ್ಯನವರ ನೂರಾರು ಪತ್ತೇದಾರಿ ಕಾದಂಬರಿಗಳು ಓದುವ ಹವ್ಯಾಸವನ್ನೇ ಅರಿಯದಿದ್ದ ವರ್ಗವೊಂದನ್ನು ಪುಸ್ತಕದ ಕಡೆಗೆ ಎಳೆದು ತಂದವು; ಸಾಹಿತ್ಯ ಚರಿತ್ರೆಗಳಲ್ಲಿ ಅವಕ್ಕೆ ದೊರೆತದ್ದು ಒಂದೆರಡು ವಾಕ್ಯಗಳಷ್ಟೇ. ಪತ್ತೇದಾರನಿಗಾದರೂ ಇಷ್ಟು ಜಾಗ ದೊರೆಯಿತು. ವಕೀಲನನ್ನೇ ನಾಯಕನನ್ನಾಗಿಸಿಕೊಂಡ ನ್ಯಾಯಾಲಯದ ಕಾದಂಬರಿ ಕನ್ನಡದಲ್ಲಿ ಒಂದು ಪ್ರಕಾರವಾಗಿ ನೆಲೆಗೊಳ್ಳಲೇ ಇಲ್ಲ. ಕನ್ನಡದ ಬಹುಸಂಖ್ಯಾತ ಪ್ರೇಕ್ಷಕರಿಗೆ ನ್ಯಾಯಾಲಯದ ವಾದವಿವಾದ ಪರಿಚಿತವಾದದ್ದು ಮುಖ್ಯವಾಗಿ ಸಿನಿಮಾದಿಂದ, ಅನಂತರ ಟಿ.ಎನ್. ಸೀತಾರಾಮ್ ಅವರ ‘ಮುಕ್ತ’ ಮುಂತಾದ ಧಾರಾವಾಹಿಗಳಿಂದ. ಅಲ್ಲಿ ಸೀತಾರಾಮ್ ಅವರೇ ಅಭಿನಯಿಸಿದ ವಕೀಲ ಸಿ.ಎಸ್.ಪಿ. ವಿವೇಕಿ, ಪ್ರಾಮಾಣಿಕ, ಮಿತಭಾಷಿ. ಪ್ರೇಕ್ಷಕರು ಅವನನ್ನು ಮೆಚ್ಚಿದ್ದು ಅವನಲ್ಲಿ ಕುಂದು ಕಾಣದಿದ್ದುದರಿಂದ.

ಇಟಲಿಯ ಜಾನ್ರೀಕೊ ಕರೋಫಿಲ್ಯೊ ಅವರ ವಕೀಲ ಗ್ವೀದೊ ಗ್ವೆರಿಯೇರಿ ಇದಕ್ಕೆ ವಿರುದ್ಧ ಸ್ವಭಾವದವನು. ಅವನಲ್ಲಿ ಕುಂದುಗಳೇ ಹೆಚ್ಚು; ಓದುಗ ಅವನನ್ನು ನಂಬುವುದೂ ಅವುಗಳ ಕಾರಣದಿಂದಲೇ. ಈ ಕಾದಂಬರಿಗಳ ಒಳಗಿರುವ ನ್ಯಾಯದ ಕಲ್ಪನೆಯನ್ನು ಚಿಕ್ಕಬಳ್ಳಾಪುರ ಸೀಮೆಯ ಒಂದು ಮೊಕದ್ದಮೆಯ ಎದುರು ಇಟ್ಟು ಓದಿದರೆ ಏನು ಕಾಣುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಮೊಕದ್ದಮೆ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯದು.

2

ಕರೋಫಿಲ್ಯೊ ಹುಟ್ಟಿದ್ದು 1961ರಲ್ಲಿ, ದಕ್ಷಿಣ ಇಟಲಿಯ ಬಾರಿ ನಗರದಲ್ಲಿ. ಅದೇ ನಗರದಲ್ಲಿ ಮಾಫಿಯಾ ವಿರೋಧಿ ಪ್ರಕರಣಗಳ ಸರ್ಕಾರಿ ಅಭಿಯೋಜಕರಾಗಿದ್ದ ಅವರು 2008ರಿಂದ 2013ರವರೆಗೆ ಇಟಲಿಯ ಸೆನೆಟ್ ಸದಸ್ಯರೂ ಆಗಿದ್ದರು. ಅವರ ಮೊದಲ ಕಾದಂಬರಿ ‘ತೆಸ್ತಿಮೋನೆ ಇನ್‌ಕೊನ್ಸಾಪೆವೊಲೆ’ 2002ರಲ್ಲಿ ಪಲೆರ್ಮೊದ ಸೆಲ್ಲೇರಿಯೊ ಪ್ರಕಾಶನದಿಂದ ಹೊರಬಂತು. ಶೀರ್ಷಿಕೆಯನ್ನು ‘ಅರಿವಿಲ್ಲದ ಸಾಕ್ಷಿ’ ಎಂದು ಕನ್ನಡಿಸಬಹುದು. ಶಿಕ್ಷೆ ಕೊಡಿಸುವುದೇ ವೃತ್ತಿಯಾಗಿದ್ದ ಅಭಿಯೋಜಕನೊಬ್ಬ ಆರೋಪಿ ಪರ ವಕೀಲನ ಒಳಗಿನಿಂದ ಕಥೆ ಹೇಳಿದ್ದು ಈ ಬರವಣಿಗೆಯ ಮೊದಲ ವಿಶೇಷ.

ಎರಡನೆಯದು, ಇಂಥ ಕಾದಂಬರಿ ಇಟಲಿಯಲ್ಲಿ ಸಾಧ್ಯವಾದ ಕಾಲ. ಹಳೆಯ ಇಟಾಲಿಯನ್ ಪದ್ಧತಿಯಲ್ಲಿ ತನಿಖಾ ನ್ಯಾಯಾಧೀಶ ಮೊದಲೇ ಸಂಗ್ರಹಿಸಿದ ಕಡತವೇ ವಿಚಾರಣೆಯ ಆಧಾರವಾಗಿರುತ್ತಿತ್ತು. 1988ರಲ್ಲಿ ಅಂಗೀಕೃತವಾಗಿ 1989ರಲ್ಲಿ ಜಾರಿಗೆ ಬಂದ ಹೊಸ ದಂಡ ಪ್ರಕ್ರಿಯಾ ಸಂಹಿತೆ ಸಾಕ್ಷ್ಯವು ನ್ಯಾಯಾಲಯದಲ್ಲಿ, ಉಭಯ ಪಕ್ಷಗಳ ಎದುರಿನಲ್ಲಿ, ಬಾಯಿಮಾತಿನಲ್ಲಿ ರೂಪುಗೊಳ್ಳಬೇಕೆಂದಿತು. ಪಾಟೀ ಸವಾಲು ಇಟಲಿಗೆ ಬಂದದ್ದು ಹೀಗೆ. ಭಾರತದಲ್ಲಿ 1872ರ ಸಾಕ್ಷ್ಯ ಅಧಿನಿಯಮದಿಂದಲೂ ಇರುವ ಈ ಪದ್ಧತಿ ಅಲ್ಲಿಯ ವಕೀಲರಿಗೆ ಹೊಸ ವಿದ್ಯೆಯಾಗಿತ್ತು. ಕರೋಫಿಲ್ಯೊ ಕಾದಂಬರಿಕಾರರಾಗುವ ಮೊದಲೇ, 1997ರಲ್ಲಿ, ಪಾಟೀ ಸವಾಲಿನ ಬಗ್ಗೆ ಒಂದು ವೃತ್ತಿಪರ ಕೈಪಿಡಿ ಬರೆದಿದ್ದರು. ಅದೇ ವಿಷಯವನ್ನು ಸಾಮಾನ್ಯ ಓದುಗರಿಗೆ ತಲುಪಿಸುವ ಅವರ ‘ಲಾರ್ತೆ ದೆಲ್ ದುಬ್ಬಿಯೊ’, ಎಂದರೆ ‘ಸಂದೇಹದ ಕಲೆ’, 2007ರಲ್ಲಿ ಪ್ರಕಟವಾಯಿತು. ಅವರ ಕಾದಂಬರಿಗಳಲ್ಲಿ ಕುತೂಹಲ ಹುಟ್ಟುವುದು ಕೊಲೆಗಾರ ಯಾರೆಂಬ ಪ್ರಶ್ನೆಯಿಂದ ಅಲ್ಲ. ಸಾಕ್ಷಿಗೆ ಮುಂದಿನ ಪ್ರಶ್ನೆಯನ್ನು ಕೇಳಬೇಕೇ, ಇಲ್ಲಿಗೇ ನಿಲ್ಲಿಸಬೇಕೇ ಎಂಬ ವಕೀಲನ ತಳಮಳದಿಂದ.

ಮೊದಲ ಕಾದಂಬರಿಯ ಆರಂಭದಲ್ಲಿ ಗ್ವೆರಿಯೇರಿಗೆ ಮೂವತ್ತೆಂಟು ವರ್ಷ. ಹೆಂಡತಿ ದೂರವಾಗಿದ್ದಾಳೆ, ಅದಕ್ಕೆ ಅವನದೇ ನಡತೆ ಕಾರಣ. ನಿದ್ದೆಯಿಲ್ಲ, ಲಿಫ್ಟಿನೊಳಗೆ ಕಾಲಿಡಲಾರದಷ್ಟು ಭಯ. ವೃತ್ತಿಯಲ್ಲಿ ನಂಬಿಕೆಯೂ ಉಳಿದಿಲ್ಲ. ಇಂಥವನ ಬಳಿಗೆ ಅಬ್ದು ತಿಯಾಮ್ ಎಂಬ ಸೆನೆಗಲ್ ದೇಶದವನ ಪ್ರಕರಣ ಬರುತ್ತದೆ. ತನ್ನ ದೇಶದಲ್ಲಿ ಶಾಲಾ ಮಾಸ್ತರನಾಗಿದ್ದ ಅಬ್ದು ಇಲ್ಲಿ ಕಡಲತೀರಗಳಲ್ಲಿ ಕೈಚೀಲ ಮಾರಿ ಬದುಕುತ್ತಿದ್ದವನು. ಒಂಬತ್ತು ವರ್ಷದ ಬಾಲಕನೊಬ್ಬನ ಕೊಲೆಯ ಆರೋಪ ಹೊತ್ತು ಸೆರೆಯಲ್ಲಿದ್ದಾನೆ. ಸಂಕ್ಷಿಪ್ತ ವಿಚಾರಣೆಗೆ ಒಪ್ಪಿದರೆ ಶಿಕ್ಷೆ ಕಡಿಮೆಯಾಗುತ್ತದೆ. ಆರೋಪಿ ಒಪ್ಪುವುದಿಲ್ಲ. ಇಬ್ಬರು ವೃತ್ತಿ ನ್ಯಾಯಾಧೀಶರೂ ಆರು ಮಂದಿ ಸಾಮಾನ್ಯ ನಾಗರಿಕರೂ ಕೂರುವ ಅಸ್ಸೀಸ್ ನ್ಯಾಯಾಲಯದಲ್ಲಿ ಪೂರ್ಣ ವಿಚಾರಣೆ ನಡೆಯುತ್ತದೆ.

ಅಭಿಯೋಜನೆಯ ಮುಖ್ಯ ಸಾಕ್ಷಿ ಕಡಲತೀರದ ಬಾರ್ ಮಾಲೀಕ ರೆನ್ನಾ. ಅಂದು ಅಬ್ದುವನ್ನು ಕಂಡೆನೆಂದು ಅವನು ಹೇಳುತ್ತಾನೆ, ಮತ್ತು ಅದನ್ನು ಪ್ರಾಮಾಣಿಕವಾಗಿಯೇ ನಂಬಿದ್ದಾನೆ. ಗ್ವೆರಿಯೇರಿ ಅವನನ್ನು ಸುಳ್ಳುಗಾರನೆನ್ನುವುದಿಲ್ಲ. ವಲಸಿಗರ ಬಗ್ಗೆ ಅವನಿಗಿರುವ ಅಸಹನೆಯನ್ನು ಅವನ ಬಾಯಿಂದಲೇ ಮೆಲ್ಲಗೆ ಹೊರಡಿಸಿ, ಆಮೇಲೆ ಆಫ್ರಿಕನ್ನರ ಕೆಲವು ಭಾವಚಿತ್ರಗಳನ್ನು ಕೈಗಿಟ್ಟು ಇವರಲ್ಲಿ ಆರೋಪಿ ಇದ್ದಾನೆಯೇ ಎಂದು ಕೇಳುತ್ತಾನೆ. ಚಿತ್ರಗಳಲ್ಲಿ ಅಬ್ದುವಿನದೂ ಇರುತ್ತದೆ, ರೆನ್ನಾ ಗುರುತಿಸಲಾರ. ನೆನಪು ಎಂದುಕೊಂಡದ್ದು ಪೂರ್ವಗ್ರಹವಾಗಿತ್ತು ಎಂಬುದು ಸಾಕ್ಷಿಯ ಅರಿವಿಗೇ ಬಾರದೆ ನ್ಯಾಯಾಲಯದ ಅರಿವಿಗೆ ಬರುತ್ತದೆ. ಶೀರ್ಷಿಕೆಯ ‘ಅರಿವಿಲ್ಲದ’ ಎಂಬ ವಿಶೇಷಣದ ಅರ್ಥ ಇದು. ಅಬ್ದು ಖುಲಾಸೆಯಾಗುತ್ತಾನೆ.

ಕಾದಂಬರಿಯ ನೈತಿಕ ನೆಲೆ ಸ್ಪಷ್ಟವಾಗಿದೆ. ಸಂದೇಹವು ದುರ್ಬಲನ ಆಯುಧ. ಅಧಿಕಾರ ಖಚಿತವಾಗಿ ಮಾತನಾಡುತ್ತದೆ. ಆ ಖಚಿತತೆಯಲ್ಲಿ ಬಿರುಕು ಮೂಡಿಸುವುದು ವಕೀಲನ ಧರ್ಮ. ತನ್ನ ಬಗ್ಗೆಯೇ ಖಚಿತತೆ ಕಳೆದುಕೊಂಡವನು ಈ ಕೆಲಸಕ್ಕೆ ಹೆಚ್ಚು ಯೋಗ್ಯನೆಂಬುದು ಕರೋಫಿಲ್ಯೊ ಅವರ ಸೂಕ್ಷ್ಮ ಒಳನೋಟ. ಮೂರನೆಯ ಕಾದಂಬರಿ ‘ರಾಜೊನೆವೊಲಿ ದುಬ್ಬಿ’ (2006) ಇದನ್ನು ಇನ್ನಷ್ಟು ಕಠಿಣ ಪರೀಕ್ಷೆಗೆ ಒಡ್ಡುತ್ತದೆ. ಅಲ್ಲಿ ಗ್ವೆರಿಯೇರಿಯ ಕಕ್ಷಿದಾರ ಹರೆಯದಲ್ಲಿ ಅವನನ್ನು ಥಳಿಸಿದ್ದ ನವಫ್ಯಾಸಿಸ್ಟ್ ಗುಂಪಿನವನು, ಈಗ ಮಾದಕವಸ್ತು ಸಾಗಣೆಯ ಆರೋಪಿ. ಅವನ ಪರ ವಾದಿಸುತ್ತಲೇ ವಕೀಲ ಅವನ ಹೆಂಡತಿಯತ್ತ ಸೆಳೆಯಲ್ಪಡುತ್ತಾನೆ. ದ್ವೇಷಿಸುವವನನ್ನು ರಕ್ಷಿಸುವುದು, ರಕ್ಷಿಸುತ್ತಿರುವವನಿಗೇ ದ್ರೋಹ ಬಗೆಯುವುದು ಒಂದೇ ವ್ಯಕ್ತಿಯಲ್ಲಿ ನಡೆಯುತ್ತದೆ. ಸಂದೇಹದ ತತ್ತ್ವಕ್ಕೆ ಮಾತ್ರ ಕುಂದುಂಟಾಗುವುದಿಲ್ಲ. ಇಟಲಿಯ ಸಂಹಿತೆಯ 533ನೆಯ ವಿಧಿಗೆ ‘ಸಮಂಜಸ ಸಂದೇಹಕ್ಕೆ ಅತೀತವಾಗಿ’ ಎಂಬ ಪದಗುಚ್ಛ ಸೇರಿದ್ದೂ 2006ರಲ್ಲೇ.

3

ಅದೇ 2006ರ ಡಿಸೆಂಬರ್ ತಿಂಗಳಲ್ಲಿ ಕೋಲಾರದ ಸೆಷನ್ಸ್ ನ್ಯಾಯಾಲಯ ಕಂಬಾಲಪಲ್ಲಿ ಪ್ರಕರಣದ ಎಲ್ಲ ಆರೋಪಿಗಳನ್ನು ಖುಲಾಸೆಗೊಳಿಸಿತು.

2000ದ ಮಾರ್ಚ್ 11ರ ರಾತ್ರಿ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯಲ್ಲೇ ಜೀವಂತ ಸುಡಲಾಯಿತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಘಟನೆಯ ಕಾಲಕ್ಕೂ ತೀರ್ಪಿನ ಕಾಲಕ್ಕೂ ಚಿಂತಾಮಣಿ ಕೋಲಾರ ಜಿಲ್ಲೆಗೆ ಸೇರಿತ್ತು. ವಿಚಾರಣೆ ಮುಗಿಯುವಾಗ ಆರು ವರ್ಷಗಳಾಚೆಗೆ ಸರಿದಿದ್ದವು. ಕಣ್ಣಾರೆ ಕಂಡವರೆಂದು ಪಟ್ಟಿ ಮಾಡಲಾದ ಪ್ರಮುಖ ಸಾಕ್ಷಿಗಳು ಕಟಕಟೆಯಲ್ಲಿ ನಿಂತು ಪೊಲೀಸರ ಮುಂದಿನ ಹೇಳಿಕೆಗಳಿಗೆ ವ್ಯತಿರಿಕ್ತವಾಗಿ ನುಡಿದರು. ಸರ್ಕಾರ ಮೇಲ್ಮನವಿ ಸಲ್ಲಿಸಿತು. 2014ರ ಆಗಸ್ಟ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಖುಲಾಸೆಯನ್ನು ಎತ್ತಿಹಿಡಿಯಿತು. ಕಾನೂನಿನ ಕಣ್ಣಲ್ಲಿ ಏಳು ಸಾವುಗಳಿವೆ, ಕೊಂದವರಿಲ್ಲ.

ಈ ತೀರ್ಪನ್ನು ಕರೋಫಿಲ್ಯೊ ಕಾದಂಬರಿಯ ತೀರ್ಪಿನ ಪಕ್ಕದಲ್ಲಿಟ್ಟರೆ ಎರಡೂ ಒಂದೇ ತತ್ತ್ವದ ಮೇಲೆ ನಿಂತಿರುವುದು ಕಾಣುತ್ತದೆ. ಎರಡು ಕಡೆಯೂ ಅಪರಾಧ ಸಂದೇಹಾತೀತವಾಗಿ ಸಾಬೀತಾಗಲಿಲ್ಲ. ಎರಡು ಕಡೆಯೂ ಸಂದೇಹದ ಲಾಭ ಆರೋಪಿಗೆ ಸಂದಿತು. ವ್ಯತ್ಯಾಸವಿರುವುದು ಸಂದೇಹ ಹುಟ್ಟಿದ ಬಗೆಯಲ್ಲಿ. ಬಾರಿಯಲ್ಲಿ ಅದು ಪ್ರಶ್ನೆಯಿಂದ ಹುಟ್ಟಿತು; ಕೋಲಾರದಲ್ಲಿ ಮೌನದಿಂದ. ಬಾರಿಯಲ್ಲಿ ಸಾಕ್ಷಿ ತಾನು ಕಂಡಿಲ್ಲದ್ದನ್ನು ಕಂಡೆನೆಂದು ನಂಬಿದ್ದ. ಕಂಬಾಲಪಲ್ಲಿಯಲ್ಲಿ ಕಂಡವರೆಂದು ಹೆಸರಿಸಲ್ಪಟ್ಟವರೇ ಕಂಡಿಲ್ಲವೆಂದರು. ಅಲ್ಲಿ ಕಟಕಟೆಯಲ್ಲಿದ್ದವನು ಊರಿಗೆ ಹೊರಗಿನವನು, ಸಾಕ್ಷಿ ಊರಿನವನು. ಇಲ್ಲಿ ಸಾಕ್ಷ್ಯ ಹೇಳಿದ ಮೇಲೆ ಅದೇ ಊರಿನಲ್ಲಿ, ಅವೇ ಹೊಲಗಳಲ್ಲಿ ಕೂಲಿ ಮಾಡಿ ಬದುಕಬೇಕಾದವರು ಸಾಕ್ಷಿಗಳು.

ಹೀಗಿರುವಾಗ ವಕೀಲ ಎಷ್ಟೇ ಊನವುಳ್ಳವನಾಗಿದ್ದರೂ, ಎಷ್ಟೇ ಮಾನವೀಯನಾಗಿದ್ದರೂ, ಅವನನ್ನು ಕೇಂದ್ರದಲ್ಲಿಟ್ಟ ಕಥನ ಈ ಸೀಮೆಯ ಅನುಭವವನ್ನು ಹಿಡಿಯಲಾರದು. ಆರೋಪಿಯೇ ದುರ್ಬಲ ಎಂಬ ಊಹೆಯ ಮೇಲೆ ಈ ಪ್ರಕಾರದ ನೈತಿಕತೆ ನಿಂತಿದೆ. ಆ ಊಹೆ ತಲೆಕೆಳಗಾದ ಕಡೆ ಅದೇ ಪ್ರಶ್ನಾಕೌಶಲ, ಅದೇ ಕಾನೂನು ತತ್ತ್ವ ಬಲವಂತನ ಬೇಲಿಯಾಗುತ್ತವೆ. ಇದರಿಂದ ಸಂದೇಹದ ತತ್ತ್ವವೇ ತಪ್ಪೆಂದು ತೀರ್ಮಾನಿಸುವುದು ಅವಸರವಾದೀತು. ಸೆರೆಮನೆಗಳಲ್ಲಿ ವಿಚಾರಣೆಗಾಗಿ ಕಾಯುತ್ತಿರುವ ಬಡವರಿಗೆ ಉಳಿದಿರುವ ಆಸರೆಯೂ ಅದೊಂದೇ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಕಡಲೆಕಾಯಿ ಕಳವಿನ ಜಾಡು ಹಿಡಿದು ಸಾಕವ್ವನ ಮನೆಗೆ ಪೊಲೀಸರು ನುಗ್ಗುವ ಪ್ರಸಂಗವನ್ನು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಕವ್ವನ ಮನೆಯವರು ನ್ಯಾಯಾಲಯಕ್ಕೆ ಹೋಗಿದ್ದರೆ ಅವರಿಗೆ ಬೇಕಾಗಿದ್ದದ್ದು ಒಬ್ಬ ಗ್ವೆರಿಯೇರಿಯೇ.

4

ಕನ್ನಡ ಪರಂಪರೆ ನ್ಯಾಯದ ಪ್ರಶ್ನೆಯನ್ನು ವಕೀಲನ ಮೂಲಕ ಕೇಳಿಕೊಂಡಿಲ್ಲ, ಸಾಕ್ಷಿಯ ಮೂಲಕ ಕೇಳಿಕೊಂಡಿದೆ. ಹನ್ನೊಂದನೆಯ ಶತಮಾನದ ದುರ್ಗಸಿಂಹನ ‘ಪಂಚತಂತ್ರ’ದ ಧರ್ಮಬುದ್ಧಿ-ದುಷ್ಟಬುದ್ಧಿಯರ ಕಥೆ ಪಠ್ಯಪುಸ್ತಕಗಳ ಮೂಲಕ ಎಲ್ಲರಿಗೂ ಪರಿಚಿತ. ಹೂತಿಟ್ಟ ಹೊನ್ನನ್ನು ಕದ್ದ ದುಷ್ಟಬುದ್ಧಿ ವಟವೃಕ್ಷವನ್ನೇ ಸಾಕ್ಷಿಯಾಗಿ ಕರೆಯುತ್ತಾನೆ; ಪೊಟರೆಯೊಳಗೆ ತಂದೆ ಪ್ರೇಮಮತಿಯನ್ನು ಅಡಗಿಸಿ ಮರ ನುಡಿದಂತೆ ನುಡಿಸುತ್ತಾನೆ. ಧರ್ಮಬುದ್ಧಿ ಪೊಟರೆಗೆ ಬೆಂಕಿ ಇಡುತ್ತಾನೆ, ಸುಳ್ಳು ಸಾಕ್ಷಿ ಹೊರಬೀಳುತ್ತಾನೆ. ಕಥೆಯಲ್ಲಿ ಧರ್ಮಾಧಿಕರಣರಿದ್ದಾರೆ, ವಾದಿ ಪ್ರತಿವಾದಿಗಳಿದ್ದಾರೆ. ಪರರ ಪರವಾಗಿ ವಾದಿಸುವವನಿಲ್ಲ. ನಿರ್ಣಯವೆಲ್ಲ ಸಾಕ್ಷಿಯ ದೇಹದ ಸುತ್ತ ನಡೆಯುತ್ತದೆ. ಮಗನ ಒತ್ತಾಯಕ್ಕೆ ಕಟ್ಟುಬಿದ್ದು, ತಪ್ಪೆಂದು ತಿಳಿದೂ ಪೊಟರೆಯೊಳಕ್ಕೆ ಇಳಿಯುವ ಮುದುಕನನ್ನು ಕೇವಲ ಸುಳ್ಳುಗಾರನೆಂದು ಓದುವುದು ವಾಡಿಕೆ. ಒತ್ತಡಕ್ಕೆ ಒಳಗಾದ ಸಾಕ್ಷಿಯ ಬಹು ಹಳೆಯ ಕನ್ನಡ ಚಿತ್ರ ಅವನು ಎಂದೂ ಓದಬಹುದು.

ಶಾಸನಗಳ ಕೊನೆಯಲ್ಲಿ ದಾನಕ್ಕೆ ಸಾಕ್ಷಿಗಳಾದವರ ಹೆಸರುಗಳು ಬರುತ್ತವೆ. ಮನುಷ್ಯರು ಸಾಲದಾದಾಗ ಸೂರ್ಯಚಂದ್ರರೂ ಪಂಚಭೂತಗಳೂ ಬರುತ್ತವೆ. ‘ಅಂತಃಸಾಕ್ಷಿ’, ‘ಮನಸ್ಸಾಕ್ಷಿ’ ಎಂಬ ಪದಗಳು ನೀತಿಯ ಪರಿಭಾಷೆಯಾಗಿವೆ. ‘ವಕಾಲತ್ತು’ ಎಂಬುದಕ್ಕೆ ಆಡುಮಾತಿನಲ್ಲಿ ಒದಗಿರುವ ಛಾಯೆ ಬೇರೆ: ಇನ್ನೊಬ್ಬರ ಪರ ವಕಾಲತ್ತು ವಹಿಸುವವನು ಸಾಮಾನ್ಯವಾಗಿ ಅನಪೇಕ್ಷಿತ ವ್ಯಕ್ತಿ. ಅರಬ್ಬಿಯಲ್ಲಿ ಬರಿಯ ಪ್ರಶ್ನೆ ಎಂಬ ಅರ್ಥವಿರುವ ‘ಸವಾಲು’ ಕನ್ನಡದಲ್ಲಿ ಪಂಥಾಹ್ವಾನವೂ ಆಗಿದೆ. ಪಾಟೀ ಸವಾಲಿಗೆ ನಿಲ್ಲುವ ಗ್ರಾಮೀಣ ಸಾಕ್ಷಿಯ ಕಿವಿಗೆ ಬೀಳುವುದು ಈ ಎರಡನೆಯ ಅರ್ಥವೇ ಇರಬೇಕು.

ಆಧುನಿಕ ಕಾಲದಲ್ಲಿ ಎಸ್.ಎಲ್. ಭೈರಪ್ಪನವರ ‘ಸಾಕ್ಷಿ’ (1986) ಈ ಎಳೆಯನ್ನು ಮುಂದುವರಿಸುತ್ತದೆ. ಪ್ರಾಮಾಣಿಕನೆಂದು ಹೆಸರಾದ ಪರಮೇಶ್ವರಯ್ಯ ನ್ಯಾಯಾಲಯದಲ್ಲಿ ಸುಳ್ಳು ಸಾಕ್ಷ್ಯ ನುಡಿದು, ಅದನ್ನು ತಾಳಲಾರದೆ ಆತ್ಮಹತ್ಯೆ ಮಾಡಿಕೊಂಡು, ಪ್ರೇತವಾಗಿ ಮತ್ತೆ ಸಾಕ್ಷಿಯಾಗುತ್ತಾನೆ. ಕಾದಂಬರಿಯ ತಾತ್ತ್ವಿಕ ಶೋಧ ಸುಳ್ಳಿನ ಮೂಲ ಮನುಷ್ಯನಲ್ಲಿ ಎಲ್ಲಿದೆ ಎಂಬುದು. ಇದು ದೊಡ್ಡ ಪ್ರಶ್ನೆಯೇ. ಕಂಬಾಲಪಲ್ಲಿಯ ಸಾಕ್ಷಿಯ ಪ್ರಶ್ನೆ ಇದಕ್ಕಿಂತ ಸಣ್ಣದು, ಹೆಚ್ಚು ಕ್ರೂರವಾದದ್ದು: ನಿಜ ಹೇಳಿ ಸಂಜೆ ಯಾವ ಬಸ್ಸಿನಲ್ಲಿ ಊರಿಗೆ ಮರಳುವುದು? ಸತ್ಯಾಸತ್ಯಗಳನ್ನು ಆತ್ಮದ ಪ್ರಶ್ನೆಯಾಗಿ ಮಾತ್ರ ನೋಡುವ ಕಥನದಲ್ಲಿ ಈ ಬಸ್ಸಿಗೆ ಜಾಗವಿಲ್ಲ.

5

ಕರೋಫಿಲ್ಯೊ ಅವರನ್ನು ಕನ್ನಡ ಓದುಗರಿಗೆ ಪರಿಚಯಿಸುವವರು ಸಹಜವಾಗಿ ಮೊದಲ ಕಾದಂಬರಿಯನ್ನು ಎತ್ತಿಕೊಳ್ಳುತ್ತಾರೆ. ಈ ಸೀಮೆಯ ದೃಷ್ಟಿಯಿಂದ ಹತ್ತಿರವಾಗುವುದು ಎರಡನೆಯದು, ‘ಅದ್ ಒಕ್ಕಿ ಕ್ಯೂಸಿ’ (2003), ಎಂದರೆ ‘ಕಣ್ಣು ಮುಚ್ಚಿ’. ಮಾರ್ತೀನಾ ಎಂಬ ಯುವತಿಯನ್ನು ಹಿಂಸಿಸಿದ ಆರೋಪ ಹೊತ್ತವನು ನಗರದ ಪ್ರಭಾವಿ ನ್ಯಾಯಾಧೀಶರೊಬ್ಬರ ಮಗ. ಬೇರೆ ವಕೀಲರು ಈ ಪ್ರಕರಣವನ್ನು ಮುಟ್ಟಲೊಲ್ಲರು. ಗ್ವೆರಿಯೇರಿ ಈ ಬಾರಿ ಆರೋಪಿಯ ಪರ ನಿಲ್ಲದೆ ನೊಂದವಳ ಪರ ನಿಲ್ಲುತ್ತಾನೆ. ಹಿಂದಿನ ಕಾದಂಬರಿಯಲ್ಲಿ ಅವನು ಬಳಸಿದ್ದ ಪಾಟೀ ಸವಾಲಿನ ಕಲೆ ಈಗ ಎದುರು ಪಕ್ಷದ ಕೈಯಲ್ಲಿದೆ; ಮಾರ್ತೀನಾಳ ಹಿಂದಿನ ಮಾನಸಿಕ ಅಸ್ವಾಸ್ಥ್ಯವನ್ನು ಕೆದಕಿ ಅವಳ ಮಾತನ್ನೇ ನಂಬಲಾಗದಂತೆ ಮಾಡಲು ಅದು ಬಳಕೆಯಾಗುತ್ತದೆ. ಸಂದೇಹದ ಕಲೆಗೆ ಎರಡು ಅಲಗುಗಳಿವೆಯೆಂಬುದನ್ನು ಲೇಖಕರು ಒಂದೇ ವರ್ಷದ ಅಂತರದಲ್ಲಿ ತಾವೇ ತೋರಿಸಿಕೊಟ್ಟಿದ್ದಾರೆ. ವಿಮರ್ಶೆಯಲ್ಲಿ ಈ ಕಾದಂಬರಿಗೆ ಮೊದಲನೆಯದರ ನೆರಳಿನ ಸ್ಥಾನ ಸಿಕ್ಕಿರುವುದು ನ್ಯಾಯವೆನಿಸುವುದಿಲ್ಲ.

ಈ ಕಥೆ ಸಾಧ್ಯವಾಗಲು ಒಂದು ಕಾನೂನು ಕಾರಣವಿದೆ. ಇಟಲಿಯಲ್ಲಿ ನೊಂದವರು ‘ಪಾರ್ತೆ ಚಿವೀಲೆ’, ಸಿವಿಲ್ ಪಕ್ಷ, ಆಗಿ ಕ್ರಿಮಿನಲ್ ವಿಚಾರಣೆಯಲ್ಲೇ ತಮ್ಮ ವಕೀಲನೊಂದಿಗೆ ಪಾಲ್ಗೊಳ್ಳಬಹುದು. ಆ ವಕೀಲ ಸಾಕ್ಷಿಗಳನ್ನು ಪ್ರಶ್ನಿಸಬಹುದು. ಭಾರತದಲ್ಲಿ ಕ್ರಿಮಿನಲ್ ಮೊಕದ್ದಮೆ ಸರ್ಕಾರದ್ದು. ನೊಂದವರು ಅದರಲ್ಲಿ ಬರಿಯ ಸಾಕ್ಷಿಗಳು. ಅವರ ಖಾಸಗಿ ವಕೀಲ ಸರ್ಕಾರಿ ಅಭಿಯೋಜಕನ ನಿರ್ದೇಶನದಂತೆ ನೆರವಾಗಬಹುದಷ್ಟೆ. ಖುಲಾಸೆಯ ವಿರುದ್ಧ ನೊಂದವರೇ ಮೇಲ್ಮನವಿ ಸಲ್ಲಿಸುವ ಹಕ್ಕು ಜಾರಿಗೆ ಬಂದದ್ದು 2009ರ ಕೊನೆಯ ದಿನದಿಂದ. ದೌರ್ಜನ್ಯ ತಡೆ ಅಧಿನಿಯಮಕ್ಕೆ 2015ರ ತಿದ್ದುಪಡಿಯಿಂದ ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳ ಪ್ರತ್ಯೇಕ ಅಧ್ಯಾಯ ಸೇರಿತು. ಸಾಕ್ಷಿ ರಕ್ಷಣಾ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯ ಅನುಮೋದಿಸಿದ್ದು 2018ರ ಡಿಸೆಂಬರ್‌ನಲ್ಲಿ. ಇವೆಲ್ಲವೂ ಕೋಲಾರದ ತೀರ್ಪಿನ ಅನಂತರ ಬಂದವು.

ಇನ್ನೂ ಒಂದು ಭೇದವನ್ನು ಗಮನಿಸಬೇಕು. ಹೆದರಿಕೆಯಿಂದ ಅಥವಾ ಹಣದಿಂದ ಸಾಕ್ಷಿಯ ಬಾಯಿ ಮುಚ್ಚಿಸಲಾಗಿದೆ ಎಂದು ನಂಬಲು ನಿರ್ದಿಷ್ಟ ಆಧಾರಗಳಿದ್ದರೆ ಅವನ ಹಿಂದಿನ ಹೇಳಿಕೆಯನ್ನೇ ಸಾಕ್ಷ್ಯವಾಗಿ ಸ್ವೀಕರಿಸಲು ಇಟಲಿಯ ಸಂಹಿತೆಯ 500ನೆಯ ವಿಧಿ ಅವಕಾಶ ಕೊಡುತ್ತದೆ. ಮಾಫಿಯಾದ ನಾಡು ಕಷ್ಟಪಟ್ಟು ಕಲಿತ ಪಾಠ ಇದು. ಭಾರತದಲ್ಲಿ ಪೊಲೀಸರ ಮುಂದಿನ ಹೇಳಿಕೆಗೆ ಸಾಕ್ಷಿಯ ಸಹಿಯೂ ಇರುವುದಿಲ್ಲ. ಅದನ್ನು ಅವನ ಮಾತಿಗೆ ವಿರೋಧ ತೋರಿಸಲು ಬಳಸಬಹುದೇ ಹೊರತು ಸಾಕ್ಷ್ಯವಾಗಿ ಅಲ್ಲ. ಪೊಲೀಸರ ದೌರ್ಜನ್ಯದಿಂದ ಆರೋಪಿಯನ್ನು ಕಾಪಾಡಲು ಮಾಡಿದ ಒಳ್ಳೆಯ ನಿಯಮವೇ ಇಲ್ಲಿ ಸಾಕ್ಷಿಯ ಮೇಲಿನ ದೌರ್ಜನ್ಯಕ್ಕೆ ಪರದೆಯಾಯಿತು. ‘ಪ್ರತಿಕೂಲ ಸಾಕ್ಷಿ’ ಎಂಬ ಮಾತು 1872ರ ಅಧಿನಿಯಮದ 154ನೆಯ ಕಲಮಿನಲ್ಲಿ ಇರಲಿಲ್ಲ ಎಂಬುದೂ ಉಲ್ಲೇಖನೀಯ. ತನ್ನದೇ ಸಾಕ್ಷಿಗೆ ಪಾಟೀ ಸವಾಲಿನ ಪ್ರಶ್ನೆ ಹಾಕಲು ಪಕ್ಷಕಾರನಿಗೆ ನ್ಯಾಯಾಲಯ ಅನುಮತಿ ಕೊಡಬಹುದು ಎಂದಷ್ಟೇ ಅದು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 157ನೆಯ ಕಲಮು ಹೇಳುವುದೂ ಇದನ್ನೇ. ಯಾರಿಗೆ ಪ್ರತಿಕೂಲ ಎಂಬುದನ್ನು ಕೇಳದ ಆ ವಿಶೇಷಣ ವಕೀಲರ ರೂಢಿಯಿಂದ ಬಂದು ತೀರ್ಪುಗಳಲ್ಲೂ ಪತ್ರಿಕೆಗಳಲ್ಲೂ ನೆಲೆಸಿತು.

6

ಭಾಷೆಯ ಅಧ್ಯಾಪಕರಿಗೆ ಸಂಬಂಧಿಸಿದ ಸಂಗತಿಯೊಂದು ಇಲ್ಲಿ ಉಳಿಯುತ್ತದೆ. ಗ್ವೆರಿಯೇರಿ ಕಾದಂಬರಿಗಳಲ್ಲಿ ವಿಚಾರಣೆ ಪ್ರಶ್ನೋತ್ತರವಾಗಿ, ನಾಟಕದ ಸಂಭಾಷಣೆಯಂತೆ, ಪುಟಗಟ್ಟಲೆ ಬರುತ್ತದೆ. ಸಾಕ್ಷಿ ಎಲ್ಲಿ ತಡೆದ, ಯಾವ ಪದವನ್ನು ಬದಲಿಸಿದ ಎಂಬುದು ಓದುಗನಿಗೆ ಕಾಣುತ್ತದೆ. ಭಾಷೆಯ ದುರ್ಬಳಕೆಯ ಬಗ್ಗೆಯೇ ಕರೋಫಿಲ್ಯೊ 2010ರಲ್ಲಿ ಒಂದು ಪುಸ್ತಕ ಬರೆದರು. ಭಾರತದ ಸೆಷನ್ಸ್ ವಿಚಾರಣೆಯಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿ ಬರೆದುಕೊಳ್ಳಬೇಕೆಂಬುದು ನಿಯಮ. ಪ್ರಶ್ನೋತ್ತರವಾಗಿ ಬರೆಸುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಹೀಗಾಗಿ ವಕೀಲನ ಪ್ರಶ್ನೆ ಕರಗಿ ಸಾಕ್ಷಿಯ ಉತ್ತಮ ಪುರುಷದ ವಾಕ್ಯವಾಗುತ್ತದೆ. ಸೂಚನೆಯನ್ನು ಸಾಕ್ಷಿ ನಿರಾಕರಿಸಿದರೆ ಆ ಸೂಚನೆ ಪೂರ್ತಿಯಾಗಿ ಅವನ ಬಾಯಿಗೇ ಬಂದು, ಕೊನೆಯಲ್ಲಿ ‘ಎಂದರೆ ಸರಿಯಲ್ಲ’ ಎಂಬ ಬಾಲವಷ್ಟೇ ಅವನದಾಗಿ ಉಳಿಯುತ್ತದೆ.

ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟ ತಾಲ್ಲೂಕುಗಳ ಅನೇಕ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಅಲ್ಲಿಂದ ಬಂದ ಸಾಕ್ಷಿ ತೆಲುಗಿನಲ್ಲೋ ತೆಲುಗು ಬೆರೆತ ಕನ್ನಡದಲ್ಲೋ ಹೇಳಿದ್ದು ಕಚೇರಿಯ ಕನ್ನಡದಲ್ಲಿ ದಾಖಲಾಗುತ್ತದೆ. ಮೇಲ್ಮನವಿಯಲ್ಲಿ ಅದೇ ಇಂಗ್ಲಿಷಿನಲ್ಲಿ ಓದಿಕೊಳ್ಳಲ್ಪಡುತ್ತದೆ. ಮೂರು ಭಾಷೆಗಳನ್ನು ದಾಟಿದ ಹೇಳಿಕೆಯಲ್ಲಿ ‘ಕಂಡಿಲ್ಲ’, ‘ಕಂಡೆನೆಂದು ಹೇಳಲಾರೆ’, ‘ನನಗೆ ಗೊತ್ತಿಲ್ಲ’ ಎಂಬ ಮೂರು ಬೇರೆ ಬೇರೆ ಮಾತುಗಳು ಒಂದೇ ಆಗಿಬಿಡುವ ಸಾಧ್ಯತೆ ಹೆಚ್ಚು. ಜನರ ಮಾತಿಗೂ ಸರ್ಕಾರದ ಕಾಗದಕ್ಕೂ ಹೊಂದಿಕೆಯಾಗದಿರುವುದು ಈ ಪ್ರದೇಶಕ್ಕೆ ಹೊಸದೂ ಅಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನಡೆದ ಗೋಲಿಬಾರಿನಲ್ಲಿ ಸತ್ತವರ ಸರ್ಕಾರಿ ಲೆಕ್ಕ ಜನರ ಲೆಕ್ಕಕ್ಕಿಂತ ಬಹಳ ಕಡಿಮೆಯಿತ್ತು.

ಶಾಸನ, ಕಡತ, ಕೈಫಿಯತ್ತುಗಳನ್ನು ಕನ್ನಡ ವಿಭಾಗಗಳು ಪಠ್ಯಗಳೆಂದು ಒಪ್ಪಿಕೊಂಡು ದಶಕಗಳೇ ಸಂದಿವೆ. ಕೆಳ ನ್ಯಾಯಾಲಯಗಳ ಸಾಕ್ಷ್ಯ ದಾಖಲೆಗಳಿಗೆ ಆ ಮಾನ್ಯತೆ ಬರಬೇಕಾಗಿದೆ. ಒಬ್ಬ ಸಾಕ್ಷಿಯ ಪೊಲೀಸ್ ಹೇಳಿಕೆಯನ್ನೂ ಕಟಕಟೆಯ ಹೇಳಿಕೆಯನ್ನೂ ಎದುರುಬದುರು ಇಟ್ಟು, ಯಾವ ಕ್ರಿಯಾಪದ ಬದಲಾಯಿತು, ಯಾವ ಹೆಸರು ಬಿಟ್ಟುಹೋಯಿತು, ‘ಅವರು’ ಎಂಬ ಸರ್ವನಾಮ ಎಲ್ಲಿ ‘ಯಾರೋ’ ಆಯಿತು ಎಂದು ಗುರುತಿಸುವುದು ಪಾಠಾಂತರಗಳನ್ನು ಕೂಡಿಸಿ ನೋಡುವ ಕೆಲಸವೇ. ಗ್ರಂಥಸಂಪಾದನೆ ಕಲಿತವರಿಗೆ ಅದು ಅಪರಿಚಿತವಲ್ಲ. ಕೆಲಸಕ್ಕೆ ಬೇಕಾದ ಹೇಳಿಕೆಗಳು ನ್ಯಾಯಾಲಯಗಳ ದಾಖಲೆ ಕೊಠಡಿಗಳಲ್ಲಿ, ಪ್ರಕರಣ ಸಂಖ್ಯೆ ಬರೆದ ಕಟ್ಟುಗಳಲ್ಲಿ ಇವೆ.